52.5 ಡೆಸಿಬಲ್ ಎಂದರೆ ಅರ್ಧ ಕಿವುಡೇ?

ಅಲ್ಲ. ನಿಮ್ಮ ತಂದೆಯ ಕಿವಿ ಪರೀಕ್ಷೆಯ ವರದಿಯಲ್ಲಿರುವ ಡೆಸಿಬಲ್ ಸದ್ದಿನ ಬಲದ ಅಳತೆ, ಶೇಕಡಾವಾರು ಲೆಕ್ಕವಲ್ಲ. ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಕೇಳಿಸಲು ಕನಿಷ್ಠ 30 ಡೆಸಿಬಲ್ ಬೇಕಾದ ಕಿವಿಗಿಂತ 60 ಬೇಕಾದ ಕಿವಿಗೆ ಸಾವಿರ ಪಟ್ಟು ಶಕ್ತಿಯ ಸದ್ದು ಬೇಕು.

ಒಂದು ಕಡೆ ವರದಿಯಲ್ಲಿ ‘ಮಧ್ಯಮ’, ವಾರದ ನಂತರ ಇನ್ನೊಂದು ಕಡೆ ‘ಮಧ್ಯಮ-ತೀವ್ರ’ ಎಂದು ಬರೆದರು, ಅಷ್ಟರಲ್ಲೇ ಅಪ್ಪನ ಕಿವಿ ಇನ್ನಷ್ಟು ಕೆಟ್ಟಿತೇ ಎಂದು ಕೇಳಿದ್ದೀರಿ. ಎರಡರಲ್ಲೂ ಸರಾಸರಿ 52.5 ಎಂದೇ ಇದೆಯಲ್ಲ. ಬದಲಾದದ್ದು ಕಿವಿಯಲ್ಲ, ನಷ್ಟಕ್ಕೆ ಹೆಸರಿಡುವ ಕೋಷ್ಟಕ. ಹಳೆಯ, ಇಂದಿಗೂ ಬಳಕೆಯಲ್ಲಿರುವ ಕೋಷ್ಟಕದಲ್ಲಿ 41ರಿಂದ 55 ಮಧ್ಯಮ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ್ದರಲ್ಲಿ 20ರಿಂದ 35 ಅಲ್ಪ, 50ರವರೆಗೆ ಮಧ್ಯಮ, 65ರವರೆಗೆ ಮಧ್ಯಮ-ತೀವ್ರ, 80ರವರೆಗೆ ತೀವ್ರ, 95ರವರೆಗೆ ಅತಿತೀವ್ರ, ಅದರಾಚೆ ಪೂರ್ಣ ಕಿವುಡು. ಹೆಸರಿಗಾಗಿ ನಿದ್ದೆಗೆಡಬೇಡಿ.

ನೋಡಬೇಕಾದದ್ದು ಆಡಿಯೋಗ್ರಾಂನ, ಅಂದರೆ ಕಿವಿ ಪರೀಕ್ಷೆಯ ನಕ್ಷೆಯ, ಗೆರೆ ಇಳಿಯುವ ರೀತಿಯನ್ನು. ದನಿ ಎಷ್ಟು ಕೀಚು ಎಂಬುದರ ಅಳತೆ ಹರ್ಟ್ಸ್; ನೀವು ಬರೆದಿರುವಂತೆ 500 ಹರ್ಟ್ಸ್‌ನಲ್ಲಿ 30, 1000ದಲ್ಲಿ 40, 2000ದಲ್ಲಿ 60, 4000ದಲ್ಲಿ 80; ಈ ನಾಲ್ಕರ ಸರಾಸರಿಯೇ 52.5. ಅಂದರೆ ಗಡಸು ದನಿಗಳಿಗೆ ಕಿವಿಯ ನಷ್ಟ ಕಡಿಮೆ, ಕೀಚು ದನಿಗಳಿಗೆ ಹೆಚ್ಚು. ನನ್ನ ಗೆರೆಯೂ ಹೀಗೆಯೇ ಜಾರುತ್ತದೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳ ನಡುವೆ ಇಪ್ಪತ್ತೆರಡು ವರ್ಷ ದುಡಿದದ್ದಕ್ಕೆ ಸಿಕ್ಕ ಬಹುಮಾನ. ಮಾತಿನಲ್ಲಿ ಅ, ಆ, ಉ ಮುಂತಾದ ಸ್ವರಗಳು ಕೆಳದನಿಯಲ್ಲಿರುತ್ತವೆ, ಅವು ಕೇಳಿಸುತ್ತವೆ. ಸ, ಶ, ಕ, ತ ಮುಂತಾದವು ಮೇಲ್ದನಿಯವು, ಬಲವೂ ಕಡಿಮೆ; ಮೊದಲು ಕಳಚುವುದು ಅವೇ. ಊಟಕ್ಕೆ ಕುಳಿತಾಗ ಹೆಂಡತಿ ‘ಸಾರು ಬೇಕೇ’ ಎಂದರೆ ನನಗೆ ‘ಯಾರು ಬೇಕು’ ಎಂದು ಕೇಳಿಸಿ, ‘ಯಾರೂ ಬೇಡ’ ಎಂದು ಬೈಸಿಕೊಂಡಿದ್ದೇನೆ. ‘ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ’ ಎಂದು ನಿಮ್ಮ ತಂದೆ ಹೇಳುವುದು ನೆಪವಲ್ಲ.

ಕೂಗಿದರೆ ‘ಯಾಕೆ ಕಿರುಚುತ್ತೀಯ’ ಎಂದು ರೇಗುತ್ತಾರೆ ಎಂದಿರಲ್ಲ, ಅದಕ್ಕೂ ಕಾರಣವಿದೆ. ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳು ಸತ್ತಾಗ ಸಣ್ಣ ಸದ್ದು ಕೇಳಿಸದಾಗುತ್ತದೆ, ಆದರೆ ದೊಡ್ಡ ಸದ್ದು ಮೊದಲಿನಷ್ಟೇ ದೊಡ್ಡದಾಗಿ ಬಡಿಯುತ್ತದೆ. ಸಾಕಾಗದ್ದಕ್ಕೂ ಸಹಿಸಲಾಗದ್ದಕ್ಕೂ ನಡುವಿನ ಜಾಗ ಕಿರಿದಾಗುತ್ತದೆ. ಮೇಲಾಗಿ, ಕೂಗುವಾಗ ಹೆಚ್ಚು ಬಲ ಪಡೆಯುವುದು ಸ್ವರಗಳೇ, ಕಳಚುವ ವ್ಯಂಜನಗಳಲ್ಲ. ಟಿವಿ ಆರಿಸಿ, ಎದುರಿಗೆ ಬಂದು, ತುಟಿ ಕಾಣುವಂತೆ, ಸ್ವಲ್ಪ ನಿಧಾನವಾಗಿ ಮಾತನಾಡಿ.

ಅಂಗವೈಕಲ್ಯ ಪ್ರಮಾಣಪತ್ರದ ವಿಚಾರ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ 60 ಡೆಸಿಬಲ್ ನಷ್ಟವಾದರೂ ಇರಬೇಕು. ಈ ಅಂಕಿಗಳಿಗೆ ಅದು ಸಿಗಲಾರದು.

ಶ್ರವಣ ಸಾಧನ ಕೊಳ್ಳುವ ಮುನ್ನ ವರದಿಯಲ್ಲಿ ಇನ್ನೊಂದು ಗೆರೆ ಹುಡುಕಿ: ಕಿವಿಯ ಹಿಂದಿನ ಮೂಳೆಯ ಮೂಲಕ ಮಾಡಿದ ಪರೀಕ್ಷೆಯದು. ಅದು ಮೊದಲ ಗೆರೆಯ ಜೊತೆಗೇ ಇಳಿದಿದ್ದರೆ ತೊಂದರೆ ಒಳಗಿವಿಯದು, ಸಾಧನವೇ ದಾರಿ. ಎರಡರ ನಡುವೆ ದೊಡ್ಡ ಅಂತರ ಕಂಡರೆ ಗುಗ್ಗೆಯೋ ಕಿವಿತಮಟೆಯಲ್ಲಿ ತೂತೋ ಇರಬಹುದು. ಆಗ ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ, ಸಾಧನದ ಅಂಗಡಿಗೆ ಆಮೇಲೆ ಹೋಗಿ.