ಬ್ಯಾರಲ್ ತಿರುಗುತ್ತದೆ, ಗೊಬ್ಬರ ಮಾತ್ರ ಆಗುತ್ತಿಲ್ಲ!

ಪ್ರಶ್ನೆ: ನಮ್ಮದು ಬಾಗಲಕೋಟೆ ನವನಗರದಲ್ಲಿ 30×40 ಸೈಟಿನ ಮನೆ. ಹಿತ್ತಲಲ್ಲಿ ಕರಿಬೇವು, ಬದನೆ, ಮಲ್ಲಿಗೆ ಇವೆ. ಗುಜರಿಯಿಂದ 200 ಲೀಟರಿನ ನೀಲಿ ಬ್ಯಾರಲ್ ತಂದು, ನಡುವೆ ಪೈಪ್ ತೂರಿಸಿ, ಸ್ಟ್ಯಾಂಡಿನ ಮೇಲೆ ಕೂರಿಸಿದ್ದೇನೆ. ಎರಡು ತಿಂಗಳಿಂದ ಅಡುಗೆಮನೆ ಕಸ ಹಾಕಿ ದಿನಾ ತಿರುಗಿಸುತ್ತಿದ್ದೇನೆ. ಒಳಗೆಲ್ಲ ಶೇಂಗಾ ಉಂಡಿಯ ಹಾಗೆ ಗುಂಡಗೆ ಕಟ್ಟಿಕೊಂಡಿದೆ, ವಾಸನೆ ಬೇರೆ. ಪೈಪಿನ ತೂತೂ ಹರಿದು ದೊಡ್ಡದಾಗುತ್ತಿದೆ. ಪೈಪ್ ತೆಗೆದು ನೆಲದ ಮೇಲೆ ಉರುಳಿಸುವ ಬ್ಯಾರಲ್ ಮಾಡಿಕೊಳ್ಳಲೇ?

ಉತ್ತರ: ಮೊದಲು ಒಂದು ಉಂಡಿ ಒಡೆದು ನೋಡಿ. ಹೊರಗೆ ಕಂದು, ಒಳಗೆ ಕಪ್ಪಗೆ ಲೊಳಲೊಳ, ಕೊಳೆತ ಮೊಟ್ಟೆಯ ವಾಸನೆ, ಅಲ್ವಾ? ಒಳಗೆ ಗಾಳಿ ಹೋಗಿಲ್ಲ ಅಂತ ಅರ್ಥ. ಒದ್ದೆ ಕಸವನ್ನಷ್ಟೇ ಹಾಕಿ ತಿರುಗಿಸಿದರೆ ಅದು ಉರುಳಿ ಉರುಳಿ ಉಂಡಿಯೇ ಆಗುತ್ತದೆ. ಎಷ್ಟು ಜಾಸ್ತಿ ತಿರುಗಿಸುತ್ತೀರೋ ಅಷ್ಟು ಗಟ್ಟಿ ಉಂಡಿ! ತಪ್ಪು ಬ್ಯಾರಲ್‌ನದ್ದಲ್ಲ, ಒಣಕಸ (ಒಣ ಎಲೆ, ದಂಟು) ಕಡಿಮೆಯಾಗಿದೆ.

ಎಲ್ಲವನ್ನೂ ತಾಡಪತ್ರಿಯ ಮೇಲೆ ಸುರಿಯಿರಿ. ಉಂಡಿಗಳನ್ನು ಕೈಯಲ್ಲೇ ಪುಡಿ ಮಾಡಿ, ಒಣಕಸ ಬೆರೆಸಿ ಮತ್ತೆ ತುಂಬಿ. ಮುಂದೆ ಒಂದು ಬಕೆಟ್ ಅಡುಗೆಮನೆ ಕಸಕ್ಕೆ ಎರಡು ಬಕೆಟ್ ಒಣಕಸ ಇರಲಿ. ಬೇವಿನ ಒಣಗಿದ ಎಲೆ, ದನ ತಿಂದು ಬಿಟ್ಟ ಜೋಳದ ಕಣಿಕೆ, ಕಬ್ಬಿನ ರವದಿ (ಒಣ ಎಲೆ), ಯಾವುದಾದರೂ ನಡೆಯುತ್ತದೆ. ಆದರೆ ಎರಡು ಬೆರಳುದ್ದಕ್ಕೆ ಕತ್ತರಿಸಿ. ಉದ್ದ ರವದಿ ಪೈಪಿಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ, ಆಮೇಲೆ ಬಿಡಿಸೋ ಪಾಡು ಬೇಡ. ಕಬ್ಬಿನ ಹಾಲಿನ ಗಾಡಿಯವರ ಸಿಪ್ಪೆಯೂ ಆಗುತ್ತದೆ, ಎರಡು ದಿನ ಒಣಗಿಸಿ ಹಾಕಿ. ಇಲ್ಲದಿದ್ದರೆ ಊರಿನ ಇರುವೆಯೆಲ್ಲ ನಿಮ್ಮ ಹಿತ್ತಲಲ್ಲೇ. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳು ಸಿಗಲೆಂದು ಒಂದು ಹಿಡಿ ಮಣ್ಣು ಹಾಕುವವರಿದ್ದಾರೆ. ನಮ್ಮ ಕಪ್ಪು ಎರೆಮಣ್ಣು ಬೇಡ, ಅಂಟಿಕೊಂಡು ಇನ್ನಷ್ಟು ಉಂಡಿ ಮಾಡುತ್ತದೆ. ಸ್ವಲ್ಪ ಹಳೇ ತಿಪ್ಪೆಗೊಬ್ಬರ ಸಾಕು.

ತೇವ ನೋಡುವುದು ಸುಲಭ. ಒಂದು ಮುಷ್ಟಿ ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಸರಿ. ಧಾರೆಯಾಗಿ ಇಳಿದರೆ ಒಣಕಸ ಹಾಕಿ, ಏನೂ ಬಾರದೆ ಪುಡಿಯಾದರೆ ನೀರು ಚಿಮುಕಿಸಿ.

ಇನ್ನು ಉರುಳಿಸುವ ವಿಚಾರ. ಈ ಬ್ಯಾರಲ್ ಒಂದು ಸುತ್ತು ಉರುಳಲು ಹೆಚ್ಚುಕಡಿಮೆ ಆರು ಅಡಿ ಬೇಕು. ಮೂರು ಸುತ್ತಿಗೆ ಹದಿನೆಂಟು ಅಡಿ! ನಿಮ್ಮ ಹಿತ್ತಲಲ್ಲಿ ಬದನೆ ಗಿಡದ ಮೇಲೇ ಹೋಗಬೇಕಾಗುತ್ತದೆ. ಬ್ಯಾರಲ್ ಬಾಗಿಲಿನ ಚಿಲಕ ನೆಲಕ್ಕೆ ಬಡಿದು ಬಿಚ್ಚಿಕೊಳ್ಳುವ ಕಾಟವೂ ಇದೆ. ನನ್ನ ಮೊದಲ ಬ್ಯಾರಲಿಗೆ ಒಂದೇ ಚಿಲಕ ಹಾಕಿದ್ದೆ. ಅರ್ಧ ದಾರಿಯಲ್ಲಿ ಬಾಗಿಲು ತೆರೆದು, ವಾರಗಟ್ಟಲೆ ಕೂಡಿಸಿದ ಮುಸುರೆಯೆಲ್ಲ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಬಿತ್ತು. ಅವತ್ತಿನ ಬೈಗುಳ ಇಲ್ಲಿ ಬರೆಯುವಂತಿಲ್ಲ.

ನಿಮಗೆ ಗಾಲಿಯ ಚೌಕಟ್ಟು ಸರಿಹೋಗುತ್ತದೆ. ಪೈಪ್ ತೆಗೆದುಬಿಡಿ, ಆ ತೂತುಗಳೇ ಗಾಳಿಗೂ ಆದವು. ವೆಲ್ಡಿಂಗ್ ಅಂಗಡಿಯಲ್ಲಿ ಆ್ಯಂಗಲ್‌ನ ಚೌಕಟ್ಟು ಮಾಡಿಸಿ, ನಾಲ್ಕು ಗಟ್ಟಿ ಗಾಲಿ ಕೂರಿಸಿ, ಬ್ಯಾರಲನ್ನು ಅಡ್ಡ ಮಲಗಿಸಿ. ಕೈಯಲ್ಲಿ ದೂಡಿದರೆ ಇದ್ದಲ್ಲೇ ಉರುಳುತ್ತದೆ. ಬ್ಯಾರಲ್ ಮೈಮೇಲೆ ಉಬ್ಬಿದ ಬಳೆಗಳಿರುತ್ತವಲ್ಲ, ಗಾಲಿಗಳು ಅವಕ್ಕೆ ಒತ್ತಿ ನಿಲ್ಲಲಿ, ಬ್ಯಾರಲ್ ಪಕ್ಕಕ್ಕೆ ಜಾರುವುದಿಲ್ಲ. ಬಾಗಿಲಿಗೆ ಎರಡು ಬಿಜಾಗರಿ, ಎರಡು ಚಿಲಕ. ಸುತ್ತ ಅರ್ಧ ಇಂಚಿನ ತೂತುಗಳು. ಅರ್ಧಕ್ಕಿಂತ ಸ್ವಲ್ಪ ಮೇಲೆ ಮಾತ್ರ ತುಂಬಿ, ಖಾಲಿ ಜಾಗ ಇಲ್ಲದಿದ್ದರೆ ಕಸ ಮಗುಚುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ತಿರುಗಿಸಿದರೆ ಸಾಕು. ಬೇಸಿಗೆಯಲ್ಲಿ ನೆರಳಿಗಿಡಿ.

ಒಮ್ಮೆ ಅಷ್ಟು ತುಂಬಿದ ಮೇಲೆ ಹೊಸ ಕಸ ಹಾಕುವುದನ್ನು ನಿಲ್ಲಿಸಿ. ದಿನಾ ಹಾಕುತ್ತಲೇ ಇದ್ದರೆ ಗೊಬ್ಬರ ಎಂದಿಗೂ ಕಳಿಯುವುದಿಲ್ಲ. ಹದಿನೈದು ದಿನದಲ್ಲಿ ಗೊಬ್ಬರ ಅನ್ನುವ ಮಾತನ್ನು ನಂಬಬೇಡಿ. ಎರಡು ತಿಂಗಳು, ಹೊರತೆಗೆದ ಮೇಲೆ ಇನ್ನೂ ಮೂರು ನಾಲ್ಕು ವಾರ ಬಿಡಿ. ಆ ಸಮಯದ ಕಸಕ್ಕೆ ಇನ್ನೊಂದು ಬ್ಯಾರಲ್ ಬೇಕೇ ಬೇಕು. ಕೊಳ್ಳುವಾಗ ಮೊದಲು ಒಳಗೆ ಏನಿತ್ತು ಅಂತ ಕೇಳಿ. ಕೀಟನಾಶಕ, ಆ್ಯಸಿಡ್ ತುಂಬಿದ್ದ ಬ್ಯಾರಲ್ ಪುಕ್ಕಟೆ ಕೊಟ್ಟರೂ ಬೇಡ.

ಪ್ರಶ್ನೆ: ವಿಜಯಪುರದಲ್ಲಿದ್ದೇನೆ. ತಿರುಗುವ ಬ್ಯಾರಲಿನಲ್ಲಿ ಎರೆಹುಳು ಬಿಡಬಹುದೇ?

ಉತ್ತರ: ಬೇಡ. ಚೆನ್ನಾಗಿ ಕೆಲಸ ಮಾಡುವ ಬ್ಯಾರಲಿನ ಒಳಗೆ 50-60 ಡಿಗ್ರಿ ಕಾವು ಏರುತ್ತದೆ. 35 ದಾಟಿದರೆ ಎರೆಹುಳು ಒದ್ದಾಡುತ್ತವೆ. ಮೇಲೆ ನಿಮ್ಮೂರಿನ ಬಿಸಿಲು! ಕಾವು ಪೂರ್ತಿ ಇಳಿದ ಮೇಲೆ ಗೊಬ್ಬರವನ್ನು ನೆರಳಿನ ತೊಟ್ಟಿಗೆ ಸುರಿದು ಅಲ್ಲಿ ಬಿಡಿ. ಮೇಲೆ ಒದ್ದೆ ಗೋಣಿಚೀಲ ಮುಚ್ಚಿ.