ಸಾಲದ ಪ್ರಶ್ನೆ ಬಂದರೆ ಮಾತೇ ನಿಂತುಹೋಗುತ್ತಿತ್ತು

(ಆಕೆಯ ಒಪ್ಪಿಗೆ ಪಡೆದು ಬರೆದದ್ದು. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.)

ಆಕೆ ಐಇಎಲ್‌ಟಿಎಸ್ ಪರೀಕ್ಷೆಗೆ, ಅಂದರೆ ವಿದೇಶಕ್ಕೆ ಓದಲು, ಕೆಲಸಕ್ಕೆ ಹೋಗುವವರು ಕೊಡುವ ಇಂಗ್ಲಿಷ್ ಪರೀಕ್ಷೆಗೆ ತಯಾರಿ ನಡೆಸಿದ್ದಳು. ಓದುವುದು, ಬರೆಯುವುದು, ಕೇಳಿಸಿಕೊಂಡು ಉತ್ತರಿಸುವುದು, ಮೂರರಲ್ಲೂ ತೊಂದರೆ ಇರಲಿಲ್ಲ. ಮಾತಿನ ಅಭ್ಯಾಸದಲ್ಲೂ ಸಿನಿಮಾ, ಪ್ರವಾಸ, ಗೆಳತಿಯರು ಅಂತ ಏನೇ ಕೇಳಿದರೂ ಸಲೀಸಾಗಿ ಹೇಳುತ್ತಿದ್ದಳು. 'ನೀವು ಯಾರ ಹತ್ತಿರವಾದರೂ ಹಣ ಸಾಲ ತಗೊಂಡಿದ್ದೀರಾ? ಯಾರಿಗಾದರೂ ಕೊಟ್ಟಿದ್ದೀರಾ?' ಎಂಬ ಪ್ರಶ್ನೆ ಬಂತೋ, ಬಾಯಿ ಕಟ್ಟಿಹೋಗುತ್ತಿತ್ತು.

ಕೋಚಿಂಗ್‌ನಲ್ಲಿ ಹೇಳಿಕೊಡುವವರು ಇದನ್ನು ಪದಗಳ ಕೊರತೆ ಅಂದುಕೊಂಡರು. ಲೋನ್, ಇಂಟರೆಸ್ಟ್, ಇನ್‌ಸ್ಟಾಲ್‌ಮೆಂಟ್, ಮಾರ್ಟ್‌ಗೇಜ್ ಅಂತ ದೊಡ್ಡ ಪಟ್ಟಿ ಕೊಟ್ಟರು. ಆಕೆ ಎಲ್ಲವನ್ನೂ ಬಾಯಿಪಾಠ ಮಾಡಿದಳು. ಪದ ಹೆಚ್ಚಾದಷ್ಟೂ ಮಾತು ಇನ್ನೂ ಬಿಗಿಯಾಯಿತು. 'ನನಗೆ ಪರೀಕ್ಷೆ ಭಯ ಮೇಡಂ' ಎಂದು ನನ್ನ ಹತ್ತಿರ ಬಂದಳು.

ನನ್ನ ಮುಂದೆಯೇ ಉತ್ತರಿಸಲು ಹೇಳಿದೆ. 'ಐ ನೆವರ್ ಬಾರೋ ಮನಿ. ಇಟ್ ಈಸ್ ಎ ಬ್ಯಾಡ್ ಹ್ಯಾಬಿಟ್.' ವಾಕ್ಯದಲ್ಲಿ ತಪ್ಪಿರಲಿಲ್ಲ. ಆದರೆ ಧ್ವನಿಯಲ್ಲಿ ಏರಿಳಿತವೇ ಇಲ್ಲ, ಕಣ್ಣು ನೆಲದ ಮೇಲೆ. 'ಇದನ್ನೇ ನಿಮ್ಮ ಮನೆಮಾತಿನಲ್ಲಿ ಹೇಳಿ ನೋಡೋಣ' ಅಂದೆ. ಅಲ್ಲೂ ಮಾತು ನಿಂತಿತು. ಸಮಸ್ಯೆ ಇಂಗ್ಲಿಷಿನದಲ್ಲ ಎಂದು ನನಗೆ ಆಗಲೇ ಅನಿಸಿತು. ಒಂದೇ ಒಂದು ವಿಷಯಕ್ಕೆ ಮಾತ್ರ ಮಾತು ಕಟ್ಟುತ್ತಿದ್ದರೆ, ಅದನ್ನು ಮೊದಲು ಮನೆಮಾತಿನಲ್ಲಿ ಹೇಳಿಸಿ ನೋಡಿ ಎಂದು ಅಭ್ಯಾಸ ಮಾಡಿಸುವ ಎಲ್ಲರಿಗೂ ಹೇಳುತ್ತೇನೆ.

ನಿಜವಾದ ವಿಷಯ ಹೊರಗೆ ಬರಲು ಸಮಯ ಹಿಡಿಯಿತು. ಆಕೆ ಚಿಕ್ಕವಳಿದ್ದಾಗ ಅಪ್ಪನ ವ್ಯವಹಾರ ಮುಳುಗಿತ್ತು. ಸಾಲ ಕೊಟ್ಟವರು ಬಾಗಿಲಿಗೆ ಬರುತ್ತಿದ್ದರು. ಅಮ್ಮ ಮಗಳನ್ನೇ ಮುಂದೆ ಕಳಿಸುತ್ತಿದ್ದರು: 'ಅಪ್ಪ ಮನೇಲಿಲ್ಲ ಅಂತ ಹೇಳು.' ಅಪ್ಪ ಒಳಗಿನ ಕೋಣೆಯಲ್ಲೇ ಇರುತ್ತಿದ್ದರು. ಕೂಗಾಡಿದವರನ್ನು ಆಕೆ ಮರೆತಿದ್ದಳು. ಒಬ್ಬರನ್ನು ಮಾತ್ರ ಮರೆಯಲು ಆಗಿರಲಿಲ್ಲ. ಅವರು ಇವಳ ಎತ್ತರಕ್ಕೆ ಬಗ್ಗಿ, 'ನಿಜ ಹೇಳು ಮಗು' ಎಂದು ಮೆತ್ತಗೆ ಕೇಳಿದ್ದರು. ಅಷ್ಟು ಒಳ್ಳೆಯ ಮಾತಿಗೂ ಸುಳ್ಳು ಹೇಳಬೇಕಾಯಿತಲ್ಲ ಎಂಬ ನಾಚಿಕೆ ಹಾಗೇ ಉಳಿದಿತ್ತು.

ಈಗ ಮಾತಿನ ಪರೀಕ್ಷೆ ಹೇಗಿರುತ್ತೆ ನೋಡಿ. ಎದುರಿಗೆ ಗೊತ್ತಿಲ್ಲದ ಒಬ್ಬರು ಪರೀಕ್ಷಕರು. ಸೌಜನ್ಯದಿಂದ ಸಾಲದ ಬಗ್ಗೆ ಕೇಳುತ್ತಾರೆ. ಉತ್ತರಕ್ಕೆ ಕಾಯುತ್ತಾರೆ. ಮಾತೆಲ್ಲ ರೆಕಾರ್ಡ್ ಆಗುತ್ತಿರುತ್ತದೆ. ಆಕೆಯ ಮೈಗೆ ಅದು ಪರೀಕ್ಷೆ ಅನಿಸಲೇ ಇಲ್ಲ, ಅದೇ ಹಳೇ ಬಾಗಿಲು ಅನಿಸಿತು. 'ಐ ನೆವರ್ ಬಾರೋ ಮನಿ' ಎಂಬುದು 'ಅಪ್ಪ ಮನೇಲಿಲ್ಲ' ಎನ್ನುವ ಅದೇ ಧ್ವನಿಯಲ್ಲಿ ಬರುತ್ತಿತ್ತು.

ಮೊದಲು ನಾನು ಹೇಳಿದ್ದು ಒಂದೇ ಮಾತು: ಬಾಗಿಲಲ್ಲಿ ನಿಂತದ್ದು ಮಗು, ಸಾಲ ಮಗುವಿನದಲ್ಲ. ಇದನ್ನು ಆಕೆ ಒಪ್ಪಿದ್ದು ನಿಧಾನಕ್ಕೆ. ಅಪ್ಪ ಅಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲೇಬೇಕು ಎಂದೇನೂ ನಾನು ಒತ್ತಾಯ ಮಾಡಲಿಲ್ಲ. ಅವರೂ ಆಗ ಹೆದರಿದ್ದವರೇ.

ಆಮೇಲೆ ಪರೀಕ್ಷೆಯ ವಿಷಯಕ್ಕೆ ಬಂದೆವು. ಅಲ್ಲಿ ಅಂಕ ಕೊಡುವುದು ನಾಲ್ಕಕ್ಕೆ: ಮಾತಿನ ಓಟ ಮತ್ತು ಹೊಂದಿಕೆ, ಪದಗಳ ಬಳಕೆ, ವ್ಯಾಕರಣ, ಉಚ್ಚಾರ. ನಾಲ್ಕಕ್ಕೂ ಸಮ ಪಾಲು. ನೀವು ಸಾಲ ಮಾಡಿದ್ದೀರೋ ಇಲ್ಲವೋ, ನಿಮ್ಮ ಮನೆ ಎಂಥದ್ದು, ಇದಕ್ಕೆಲ್ಲ ಅಂಕವೇ ಇಲ್ಲ. ಇಷ್ಟು ತಿಳಿದಾಗಲೇ ಆಕೆಗೆ ಅರ್ಧ ಹಗುರಾಯಿತು. 'ಹಾಗಾದರೆ ಏನಾದರೂ ಕಟ್ಟಿ ಹೇಳಬಹುದಾ? ಸುಳ್ಳು ಹೇಳಿದ ಹಾಗೆ ಆಗಲ್ವಾ ಮೇಡಂ?' ಎಂದು ಕೇಳಿದಳು.

ಈ ಪ್ರಶ್ನೆಗೆ ನಾನು ಎಲ್ಲರಿಗೂ ಒಂದೇ ಉತ್ತರ ಕೊಡುವುದಿಲ್ಲ. ಕಟ್ಟಿದ ಕಥೆಯನ್ನು ಆರಾಮಾಗಿ ಹೇಳುವವರಿದ್ದಾರೆ, ಅವರಿಗೆ ಅದು ಸರಿ. ಆದರೆ ಈಕೆಗೆ ಗಾಯವಾದದ್ದೇ ಸುಳ್ಳು ಹೇಳಿಸಿದ್ದರಿಂದ. ಅದಕ್ಕೇ, 'ಸುಳ್ಳು ಬೇಡ. ನಿಜವಾದದ್ದೇ ಒಂದು ಚಿಕ್ಕ ಕಥೆ ಆರಿಸಿಕೊಳ್ಳಿ. ಯಾವುದನ್ನು ಹೇಳಬೇಕು ಅನ್ನೋದು ನಿಮ್ಮ ಹಕ್ಕು' ಅಂದೆ. ಗೆಳತಿಯಿಂದ ಪುಸ್ತಕ ತಂದದ್ದು, ಮಳೆಯಲ್ಲಿ ಯಾರಿಗೋ ಛತ್ರಿ ಕೊಟ್ಟದ್ದು, ಮದುವೆಗೆಂದು ಕ್ಯಾಮೆರಾ ಎರವಲು ತಂದದ್ದು, ಇವೆಲ್ಲ ಆಕೆಯ ಬದುಕಿನಲ್ಲಿ ನಡೆದದ್ದೇ. ಹಣದ ಪ್ರಶ್ನೆ ಬಂದರೂ, 'ಐ ಡೋಂಟ್ ಯೂಶುವಲಿ ಬಾರೋ ಮನಿ, ಬಟ್ ಐ ಆಫನ್ ಬಾರೋ ಬುಕ್ಸ್ ಫ್ರಮ್ ಮೈ ಫ್ರೆಂಡ್ಸ್' ಎಂದು ತಿರುಗಿಸಿಕೊಂಡು ಅಲ್ಲಿಂದ ಎರಡು ಮೂರು ವಾಕ್ಯ ಮುಂದುವರಿಸಬಹುದು. ಪ್ರಶ್ನೆಗೆ ಉತ್ತರವೂ ಆಯಿತು, ಗಾಯವನ್ನು ಮುಟ್ಟಿದಂತೆಯೂ ಆಗಲಿಲ್ಲ. ಬಾಯಿಪಾಠದ ಉತ್ತರ ಬಿಟ್ಟುಬಿಡಿ ಎಂದೆ. ಪರೀಕ್ಷಕರು ಅದನ್ನು ಬೇಗ ಗುರುತಿಸುತ್ತಾರೆ, ಅದರಿಂದ ಲಾಭವಿಲ್ಲ.

ಅಭ್ಯಾಸವನ್ನು ವಸ್ತುಗಳಿಂದ ಶುರು ಮಾಡಿದೆವು. ಆಮೇಲೆ ಹಣದ ಬಗ್ಗೆ ಜನರ ಮಾತು, ಕೊನೆಗೆ ಆಕೆ ಬಯಸಿದಾಗ ಸ್ವಂತ ಅನುಭವ. ಮಾತಿನ ಪರೀಕ್ಷೆ ಒಟ್ಟು 11ರಿಂದ 14 ನಿಮಿಷ, ಅದರಲ್ಲಿ ಮೂರು ಭಾಗ. ಎರಡನೇ ಭಾಗದಲ್ಲಿ ವಿಷಯ ಬರೆದ ಕಾರ್ಡ್ ಕೊಟ್ಟು, 1 ನಿಮಿಷ ಯೋಚಿಸಲು ಬಿಟ್ಟು, 2 ನಿಮಿಷದವರೆಗೆ ಮಾತಾಡಿಸುತ್ತಾರೆ. ಆ 1 ನಿಮಿಷದಲ್ಲಿ ಮೊದಲು ಯಾವ ಕಥೆ ಎಂದು ಒಂದು ಪದದಲ್ಲಿ ಬರೆದುಕೊಳ್ಳಿ, ಕಾಲೆರಡನ್ನೂ ನೆಲಕ್ಕೆ ಊರಿ, ಉಸಿರನ್ನು ಎಳೆದುಕೊಂಡಿದ್ದಕ್ಕಿಂತ ನಿಧಾನವಾಗಿ ಬಿಡಿ ಅಂದೆ. ಪ್ರಶ್ನೆ ಕೇಳಿಸದಿದ್ದರೆ ಇನ್ನೊಮ್ಮೆ ಹೇಳಿ ಎನ್ನಲು ಸಂಕೋಚ ಬೇಡ ಎಂದೂ ಹೇಳಿದೆ.

ಅಭ್ಯಾಸದಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಪರೀಕ್ಷೆಯ ಮೂರನೇ ಭಾಗ. ಎಲ್ಲರೂ ಅದನ್ನೇ ಕಷ್ಟ ಅನ್ನುತ್ತಾರೆ. ಅಲ್ಲಿ 'ನೀವು' ಎನ್ನುವುದು ಕಡಿಮೆ, 'ಜನ' ಎನ್ನುವುದು ಜಾಸ್ತಿ. ಸ್ನೇಹಿತರಿಗೆ ಸಾಲ ಕೊಡಲು ಜನ ಯಾಕೆ ಹಿಂಜರಿಯುತ್ತಾರೆ, ಬ್ಯಾಂಕಿನ ಸಾಲಕ್ಕೂ ನೆಂಟರ ಸಾಲಕ್ಕೂ ಏನು ವ್ಯತ್ಯಾಸ, ಇಂಥವಕ್ಕೆ ಆಕೆ ತಡೆಯಿಲ್ಲದೆ ಮಾತಾಡಿದಳು. ದೊಡ್ಡವರು ಸಾಲದ ವಿಷಯ ಮುಚ್ಚಿಟ್ಟರೆ ಮಕ್ಕಳು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ ಎಂದಳು, ಇಂಗ್ಲಿಷಿನಲ್ಲೇ. ವ್ಯಾಕರಣದಲ್ಲಿ ಅಲ್ಲಲ್ಲಿ ತಪ್ಪಿತ್ತು. ಅದನ್ನು ತಿದ್ದುವುದು ಕೋಚಿಂಗ್‌ನವರ ಕೆಲಸ.

ಇದರ ನಡುವೆ ಇನ್ನೊಂದು ವಿಷಯ ಬಂತು. ಯಾರು ಹಣ ಕೇಳಿದರೂ ಆಕೆ ಇಲ್ಲ ಅನ್ನುತ್ತಿರಲಿಲ್ಲ, ಕೊಟ್ಟದ್ದನ್ನು ವಾಪಸ್ ಕೇಳುತ್ತಲೂ ಇರಲಿಲ್ಲ. ಕೇಳಿದರೆ ತಾನೂ ಬಾಗಿಲಿಗೆ ಬಂದು ನಿಂತವರಂತೆ ಆಗಿಬಿಡುತ್ತೇನೆ ಎಂಬ ಭಯ. ಅದಕ್ಕೆ ಹೇಳಿದ್ದು ಇಷ್ಟು: ಹೋದರೂ ಕಷ್ಟವಾಗದಷ್ಟು ಮಾತ್ರ ಕೊಡಿ. ಕೊಡುವಾಗಲೇ ಯಾವಾಗ ವಾಪಸ್ ಎಂದು ಇಬ್ಬರೂ ಮಾತಾಡಿ, ಮೊಬೈಲ್‌ನಲ್ಲಿ ಒಂದು ಸಾಲು ಮೆಸೇಜ್ ಹಾಕಿಕೊಳ್ಳಿ. ಕೊಡಲು ಆಗದಿದ್ದರೆ 'ಸಾರಿ, ಈ ಸಲ ನನಗೆ ಆಗಲ್ಲ' ಎಂದು ಹೇಳಿ ನಿಲ್ಲಿಸಿ. ಕಾರಣಗಳ ಸರಮಾಲೆ ಬೇಡ, ಒಂದೊಂದು ಕಾರಣಕ್ಕೂ ಎದುರಿನವರು ಒಂದೊಂದು ಪರಿಹಾರ ಹೇಳುತ್ತಾರೆ.

ಈ ವಾಕ್ಯವನ್ನು ಆಕೆ ಮೊದಲು ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿದಳು, ಆಮೇಲೆ ಮನೆಮಾತಿನಲ್ಲಿ. ಇಂಗ್ಲಿಷಿನಲ್ಲಿ ಇಲ್ಲ ಅನ್ನುವುದು ಸುಲಭ ಎಂದು ಆಕೆಯೇ ಹೇಳಿದಳು. ಕಲಿತ ಭಾಷೆ ಭಾವನೆಯಿಂದ ಸ್ವಲ್ಪ ದೂರ ನಿಲ್ಲಿಸುವ ಅನುಭವ ಹಲವರಿಗೆ ಇದೆ.

ಹಳೆಯ ಗೆಳತಿಯೊಬ್ಬಳಿಗೆ ಕೊಟ್ಟ ಹಣವನ್ನು ಇತ್ತೀಚೆಗೆ ಮೆಸೇಜ್ ಹಾಕಿ ಕೇಳಿದ್ದಾಳೆ. ಅರ್ಧ ಬಂದಿದೆ, ಉಳಿದದ್ದಕ್ಕೆ ಆ ಗೆಳತಿ ಸಮಯ ಕೇಳಿದ್ದಾಳೆ. ಪರೀಕ್ಷೆ ಇನ್ನೂ ಆಗಬೇಕಿದೆ.