ಒಂದೂರಿಗೆ ಎರಡು ಮಳೆಗಾಲ, ಇನ್ನೊಂದೂರಿಗೆ ಒಂದೇ: ಯಾಕೆ?

ಪ್ರಶ್ನೆ: ಎರಡು ಊರುಗಳ ತಿಂಗಳವಾರು ಮಳೆ ಲೆಕ್ಕ ನೋಡುತ್ತಿದ್ದೆ. ಎರಡೂ ಉಷ್ಣವಲಯದ ಊರುಗಳೇ. ಕೀನ್ಯಾದ ನೈರೋಬಿಯಲ್ಲಿ ಮಳೆ ಏಪ್ರಿಲ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಇನ್ನೊಮ್ಮೆ ಏರುತ್ತದೆ. ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಒಂದೇ ಮಳೆಗಾಲ. ಎರಡೂ ಕಡೆ ಬಿಸಿಲು ಒಂದೇ ತರಹ ತಾನೆ? ಮತ್ತೆ ಯಾಕೆ ಹೀಗೆ?

ಉತ್ತರ: ಬಿಸಿಲು ಒಂದೇ ತರಹ ಅನ್ನಿಸುತ್ತದೆ, ಆದರೆ ಸೂರ್ಯ ನೆತ್ತಿಯ ಮೇಲೆ ಬರುವ ದಿನಗಳು ಬೇರೆ ಬೇರೆ. ಅಲ್ಲೇ ಇರುವುದು ಉತ್ತರ.

ಸೂರ್ಯ ನೆತ್ತಿಗೆ ಬಂದ ಕಡೆ ನೆಲವೂ ಕಡಲೂ ಜಾಸ್ತಿ ಕಾಯುತ್ತವೆ. ಕಾದ ಗಾಳಿ ಮೇಲೇಳುತ್ತದೆ. ಆ ಜಾಗಕ್ಕೆ ಉತ್ತರದಿಂದಲೂ ದಕ್ಷಿಣದಿಂದಲೂ ಗಾಳಿ ನುಗ್ಗುತ್ತದೆ, ಬರುವಾಗ ಕಡಲಿನ ತೇವವನ್ನೂ ಹೊತ್ತು ತರುತ್ತದೆ. ಎರಡು ಗಾಳಿ ಎದುರಾದ ಮೇಲೆ ಮೇಲಕ್ಕೆ ಹೋಗದೆ ಬೇರೆ ದಾರಿ ಇಲ್ಲ. ಮೇಲೆ ಹೋದಂತೆ ತಣ್ಣಗಾಗಿ ತೇವ ಮೋಡವಾಗುತ್ತದೆ, ಮಳೆ ಸುರಿಯುತ್ತದೆ. ಉಪಗ್ರಹದ ಚಿತ್ರಗಳಲ್ಲಿ ಭೂಮಿಯ ಸೊಂಟಕ್ಕೆ ಅಲ್ಲಲ್ಲಿ ಹರಿದ ಪಟ್ಟಿ ಕಟ್ಟಿದಂತೆ ಕಾಣುವ ಮೋಡಗಳು ಇವೇ.

ಈ ಮೋಡದ ಪಟ್ಟಿ ಒಂದೇ ಕಡೆ ನಿಲ್ಲುವುದಿಲ್ಲ. ಸೂರ್ಯನ ಹಿಂದೆಯೇ ಜುಲೈ, ಆಗಸ್ಟ್ ಹೊತ್ತಿಗೆ ಉತ್ತರಕ್ಕೆ, ಜನವರಿ, ಫೆಬ್ರವರಿ ಹೊತ್ತಿಗೆ ದಕ್ಷಿಣಕ್ಕೆ ಹೋಗಿ ಬರುತ್ತದೆ. ನೆಲ, ನೀರು ಕಾಯಲು ಸಮಯ ಬೇಕಲ್ವಾ? ಹಾಗಾಗಿ ಸೂರ್ಯನಿಗಿಂತ ಕೆಲವು ವಾರ ಹಿಂದೆ ಇರುತ್ತದೆ.

ಬಸ್ಸಿನ ದಾರಿ ನೆನೆಸಿಕೊಳ್ಳಿ. ದಾರಿಯ ನಡುವಿನ ಸ್ಟಾಪಿನಲ್ಲಿ ನಿಂತವರಿಗೆ ಅದೇ ಬಸ್ಸು ಎರಡು ಸಲ ಸಿಗುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ. ಕೊನೆಯ ಸ್ಟಾಪಿನಲ್ಲಿ ಬಸ್ಸು ಬರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಹೊರಡುತ್ತದೆ. ನೈರೋಬಿ ಭೂಮಧ್ಯರೇಖೆಗೆ ತೀರಾ ಹತ್ತಿರ, ನಡುವಿನ ಸ್ಟಾಪು. ಮಾರ್ಚ್‌ನಿಂದ ಮೇ ತನಕ ಒಂದು ಮಳೆಗಾಲ, ಅಕ್ಟೋಬರ್‌ನಿಂದ ಡಿಸೆಂಬರ್ ತನಕ ಇನ್ನೊಂದು. ಡಾರ್ವಿನ್ ಇರುವುದು ಸುಮಾರು 12 ಡಿಗ್ರಿ ದಕ್ಷಿಣದಲ್ಲಿ, ಕೊನೆಯ ಸ್ಟಾಪಿನ ಹತ್ತಿರ. ಎರಡು ಮಳೆ ಸೇರಿ ಒಂದೇ ಆಗಿಬಿಡುತ್ತವೆ. ಅಲ್ಲಿ ಜನವರಿ ಒಂದರಲ್ಲೇ ಸರಾಸರಿ 400 ಮಿ.ಮೀ.ಗೂ ಜಾಸ್ತಿ ಮಳೆ, ಜುಲೈನಲ್ಲಿ ಹೆಚ್ಚು ಕಡಿಮೆ ಏನೂ ಇಲ್ಲ.

ಆದರೆ ಸುಮ್ನೆ ಅಕ್ಷಾಂಶ ನೋಡಿ ಯಾವ ಊರಿನ ಮಳೆಗಾಲವನ್ನೂ ಹೇಳಲು ಹೋಗಬೇಡಿ. ಬೆಟ್ಟ ಮತ್ತು ಕಡಲು ಈ ಲೆಕ್ಕವನ್ನು ಪೂರ್ತಿ ತಿರುಗಿಸಬಲ್ಲವು. ಹವಾಯಿಯ ದೊಡ್ಡ ದ್ವೀಪವನ್ನೇ ನೋಡಿ. ಪೂರ್ವದಿಂದ ಬೀಸುವ ಗಾಳಿಗೆ 4,200 ಮೀಟರ್ ಎತ್ತರದ ಮೌನಾ ಕೇಯಾ ಅಡ್ಡ ನಿಂತಿದೆ. ಗಾಳಿ ಬಡಿಯುವ ಕಡೆ ಇರುವ ಹೀಲೋ ಊರಿಗೆ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ. ಬೆಟ್ಟದ ಆಚೆ, ಅದೇ ದ್ವೀಪದ ಪಶ್ಚಿಮ ತೀರದ ಕೆಲವು ಜಾಗಗಳಲ್ಲಿ 300 ಮಿ.ಮೀ. ಕೂಡ ಆಗುವುದಿಲ್ಲ. ಈಕ್ವೆಡಾರ್‌ನ ಗ್ವಾಯಾಕೀಲ್ ಭೂಮಧ್ಯರೇಖೆಯಿಂದ ಬರೀ 2 ಡಿಗ್ರಿ ದೂರ. ಎರಡು ಮಳೆಗಾಲ ಇರಬೇಕಿತ್ತು. ಆದರೆ ಹತ್ತಿರದ ಕಡಲಿನಲ್ಲಿ ದಕ್ಷಿಣದಿಂದ ತಣ್ಣೀರಿನ ಪ್ರವಾಹ ಹರಿಯುತ್ತದೆ. ತಣ್ಣನೆಯ ಕಡಲಿನ ಮೇಲಿನ ಗಾಳಿ ಮೇಲೇಳುವುದಿಲ್ಲ. ಹಾಗಾಗಿ ವರ್ಷದ ಮೊದಲ ನಾಲ್ಕೈದು ತಿಂಗಳಷ್ಟೇ ಮಳೆ, ಆಮೇಲೆ ಒಣ ಹವೆ. ಎಲ್ ನಿನೋ, ಅಂದರೆ ಪೆಸಿಫಿಕ್ ಕಡಲು ಮಾಮೂಲಿಗಿಂತ ಜಾಸ್ತಿ ಕಾಯುವ ವರ್ಷಗಳಲ್ಲಿ ಆ ಕಡಲೂ ಬಿಸಿಯಾಗುತ್ತದೆ. 1982–83 ಮತ್ತು 1997–98ರಲ್ಲಿ ಆ ಕರಾವಳಿ ಭಾರೀ ಪ್ರವಾಹ ಕಂಡಿದ್ದು ಇದರಿಂದಲೇ.

ಪ್ರಶ್ನೆ: ನಾನು ನೋಡುತ್ತಿರುವ ಊರಿನಲ್ಲಿ ಫೆಬ್ರವರಿಯ ಸರಾಸರಿ ಮಳೆ 80 ಮಿ.ಮೀ. ಅಂತ ಇದೆ. ಅಲ್ಲಿಯವರು ಮಾತ್ರ ‘ಫೆಬ್ರವರಿಯಲ್ಲಿ ಮಳೆಯೇ ಇಲ್ಲ’ ಅನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ: ಇಬ್ಬರನ್ನೂ. ಲೆಕ್ಕ ಹಾಕಿ ನೋಡೋಣ. ಐದು ವರ್ಷದ ಫೆಬ್ರವರಿ ಮಳೆ 20, 30, 10, 25, 315 ಮಿ.ಮೀ. ಅಂದುಕೊಳ್ಳಿ. ಸರಾಸರಿ ಸರಿಯಾಗಿ 80. ಆದರೆ ಐದರಲ್ಲಿ ನಾಲ್ಕು ವರ್ಷ ಮಳೆ 30 ದಾಟಿಲ್ಲ. ಒಂದು ಚಂಡಮಾರುತ ಬಂದು ಹೋಗಿದ್ದೇ ಸರಾಸರಿಯನ್ನು ಎತ್ತಿಬಿಟ್ಟಿದೆ. ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ನೋಡಿ. ಇಲ್ಲಿ ಅದು 25. ಊರಿನವರು ನೆನಪಿಟ್ಟುಕೊಂಡಿರುವುದು ಅದನ್ನೇ.

ಹವಾಮಾನ ಇಲಾಖೆಗಳು ಸಾಮಾನ್ಯವಾಗಿ 30 ವರ್ಷದ ಸರಾಸರಿ ಕೊಡುತ್ತವೆ. ಈಗ ಬಳಕೆಯಲ್ಲಿರುವುದು 1991ರಿಂದ 2020ರದ್ದು. ಅದರ ಜೊತೆ ‘ಮಳೆ ಬಂದ ದಿನಗಳು’ ಎಂಬ ಸಾಲೂ ಇರುತ್ತದೆ. ದಯವಿಟ್ಟು ಅದನ್ನು ಬಿಡದೆ ಓದಿ. ಎರಡು ದಿನದಲ್ಲಿ ಸುರಿದ 80 ಮಿ.ಮೀ. ಚರಂಡಿ ತುಂಬಿ ಹರಿದು ಹೋಗುತ್ತದೆ. ಹದಿನೈದು ದಿನ ಬಿಟ್ಟು ಬಿಟ್ಟು ಬಂದ 80 ಮಿ.ಮೀ. ಮಣ್ಣಿಗೆ ಇಳಿಯುತ್ತದೆ.

ವರ್ಷದ ಒಟ್ಟು ಮಳೆಯನ್ನು ಮಾತ್ರ ಹೇಳಿ ಸುಮ್ಮನಾಗುವ ಪುಸ್ತಕಗಳನ್ನು ಕಂಡರೆ ನನಗೆ ನಿಜವಾಗಿಯೂ ಬೇಸರ. ಮೇಘಾಲಯದ ಚಿರಾಪುಂಜಿ ಉಷ್ಣವಲಯದ ಗೆರೆಯಿಂದ ಸ್ವಲ್ಪವೇ ಉತ್ತರಕ್ಕಿದೆ. ಅಲ್ಲಿ 1860ರ ಆಗಸ್ಟ್‌ನಿಂದ ಮುಂದಿನ ಜುಲೈ ತನಕ 26,461 ಮಿ.ಮೀ. ಮಳೆ ಬಿದ್ದದ್ದು ವಿಶ್ವದಾಖಲೆ. ಅದೇ ಊರಿನಲ್ಲಿ ಚಳಿಗಾಲ ಬಂದರೆ ಕುಡಿಯುವ ನೀರಿಗೆ ಕಷ್ಟ. ಸಿಂಗಪುರದ ವರ್ಷದ ಮಳೆ ಚಿರಾಪುಂಜಿಯ ಕಾಲು ಭಾಗವೂ ಇಲ್ಲ. ಆದರೆ ಅಲ್ಲಿ ಪೂರ್ತಿ ಒಣಗುವ ತಿಂಗಳೇ ಇಲ್ಲ. ತೀರಾ ಕಡಿಮೆ ಬೀಳುವ ಫೆಬ್ರವರಿಯಲ್ಲೂ ಸರಾಸರಿ 100 ಮಿ.ಮೀ.ಗಿಂತ ಜಾಸ್ತಿ. ಹವಾಮಾನ ವಿಜ್ಞಾನಿ ಕೊಪ್ಪೆನ್ ಹಾಕಿಕೊಟ್ಟ ಗೆರೆ 60 ಮಿ.ಮೀ. ಉಷ್ಣವಲಯದ ಊರಿನಲ್ಲಿ ಹನ್ನೆರಡು ತಿಂಗಳೂ ಮಳೆ ಈ ಗೆರೆಗಿಂತ ಮೇಲಿದ್ದರೆ ಅದು ಮಳೆಕಾಡಿನ ಹವೆ.

ಪ್ರಶ್ನೆ: ಉಷ್ಣವಲಯದಲ್ಲಿ ಮಳೆ ದಿನವೂ ಮಧ್ಯಾಹ್ನದ ಮೇಲೇ ಬರುತ್ತದಂತೆ, ಹೌದಾ?

ಉತ್ತರ: ಒಳನಾಡಿನ ಊರಾದರೆ ಬಹಳ ಸಲ ಹೌದು. ನೆಲ ಬೆಳಗ್ಗೆಯಿಂದ ಕಾದು, ಮೋಡ ಬೆಳೆದು ಗುಡುಗುವ ಹೊತ್ತಿಗೆ ಮೂರು, ನಾಲ್ಕು ಗಂಟೆ ಆಗುತ್ತದೆ. ಕಡಲ ತೀರದಲ್ಲಿ ಹೀಗೇ ಅಂತ ಹೇಳಲಾಗದು. ರಾತ್ರಿ ನೆಲ ಬೇಗ ತಣ್ಣಗಾಗಿ ಗಾಳಿ ಕಡಲಿನ ಕಡೆ ಬೀಸುತ್ತದೆ, ಮೋಡ ನೀರಿನ ಮೇಲೆ ಕಟ್ಟುತ್ತದೆ. ಅಲ್ಲಿ ಬೆಳಗಿನ ಜಾವ ಸುರಿದು, ನೀವು ಏಳುವಷ್ಟರಲ್ಲಿ ನಿಂತಿರುವ ಮಳೆ ಹಲವು ಸಲ ಇಂಥದ್ದೇ.